ತಗಡಿನ ಯಂತ್ರಮಾನವನೂ ಮಣ್ಣಿನ ಎತ್ತೂ

ಆಟಿಗೆಗಳನ್ನು ಕೂಡಿಸಿಡುವ ಹವ್ಯಾಸವೆಂದರೆ ನಮ್ಮಲ್ಲಿ ದೊಡ್ಡವರು ನಗುತ್ತಾರೆ. ಅಂಚೆಚೀಟಿ ಕೂಡಿಸುವವರಿಗೆ, ಹಳೆಯ ನಾಣ್ಯ ಕೂಡಿಸುವವರಿಗೆ ಇರುವ ಮರ್ಯಾದೆ ಇವರಿಗೆ ಇನ್ನೂ ಬಂದಿಲ್ಲ. ಆದರೆ ಜಪಾನ, ಅಮೇರಿಕ, ಯುರೋಪುಗಳಲ್ಲಿ ಜಪಾನದ ಹಳೆಯ ತಗಡಿನ ಯಂತ್ರಮಾನವನೊಬ್ಬನಿಗಾಗಿ ಸಾವಿರಾರು ಡಾಲರು ಎಣಿಸಿ ಕೊಡುವ ಗೃಹಸ್ಥರಿದ್ದಾರೆ. ಅವನನ್ನಿಟ್ಟು ಮಾರಿದ ರಟ್ಟಿನ ಡಬ್ಬಿಯೂ ಸಿಕ್ಕಿತೆಂದರೆ ಬೆಲೆ ಇನ್ನಷ್ಟು ಏರುತ್ತದೆ. ಆ ಕಾಲದ ವ್ಯಾಪಾರಿಗಳು ಹಂಚಿದ ಚಿತ್ರಪಟ್ಟಿಯನ್ನು, ಅಂದರೆ ಕ್ಯಾಟಲಾಗನ್ನು, ಕೆಲವರು ಆಟಿಗೆಗಿಂತ ಹೆಚ್ಚು ಜೋಪಾನವಾಗಿ ಕಾಯುತ್ತಾರೆ. ಹರಿದ ಕಾಗದದ ಮೇಲೆ ಇಷ್ಟು ಪ್ರೀತಿ ಏಕೆ? ಇದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಿಗೂ ಸಂಬಂಧಪಟ್ಟ ಪ್ರಶ್ನೆಯೆಂದು ನನ್ನ ಎಣಿಕೆ.

ರೋಬೋಟ್ ಎಂಬ ಮಾತನ್ನು ಲೋಕಕ್ಕೆ ಕೊಟ್ಟದ್ದು ಒಂದು ನಾಟಕ. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಅದನ್ನು ಪ್ರಕಟಿಸಿದ. ಆ ಯಂತ್ರಮಾನವನನ್ನು ಮಕ್ಕಳ ಕೈಗೆ ಮುಟ್ಟಿಸಿದವರಲ್ಲಿ ಜಪಾನದವರು ಮುಂದು. 1945ರಲ್ಲಿ ಯುದ್ಧ ಮುಗಿದಾಗ ಅಲ್ಲಿ ಲೋಹಕ್ಕೆ ಬರಗಾಲ. ಅಮೇರಿಕದ ಸೈನಿಕರು ಉಂಡು ಬಿಸಾಟ ಡಬ್ಬಿಗಳನ್ನು ಕತ್ತರಿಸಿ, ಬಡಿದು, ನೆಟ್ಟಗೆ ಮಾಡಿ, ಕುಶಲಕರ್ಮಿಗಳು ಸಣ್ಣ ಜೀಪುಗಳನ್ನು ಮಾಡಿದರು. ಹೊರಗೆ ಬಣ್ಣದ ಜೀಪು, ಒಳಗೆ ತಿಂಡಿಯ ಡಬ್ಬಿ! ಆಮೇಲೆ ಹೊರದೇಶಗಳಿಗೆ ರಫ್ತು ಬೆಳೆಯಿತು. 1947ರಿಂದ 1952ರವರೆಗಿನ ಸರಕುಗಳ ಮೇಲೆ 'ಆಕ್ರಮಿತ ಜಪಾನದಲ್ಲಿ ತಯಾರಾದದ್ದು' ಎಂಬರ್ಥದ ಇಂಗ್ಲಿಷ್ ಮುದ್ರೆ ಕಾಣುತ್ತದೆ. ಆ ಮುದ್ರೆಯೊಂದರಿಂದಲೇ ಸಂಗ್ರಾಹಕನು ಆಟಿಗೆಯ ವಯಸ್ಸನ್ನು ಹೇಳಬಲ್ಲ.

ತಯಾರಿಕೆಯೂ ಸ್ವಾರಸ್ಯದ್ದೇ. ತಗಡಿನ ಹಾಳೆ ಸಪಾಟಾಗಿರುವಾಗಲೇ ಅದರ ಮೇಲೆ ಬಣ್ಣದ ಚಿತ್ರವನ್ನು ಅಚ್ಚು ಹಾಕುತ್ತಿದ್ದರು. ಎದೆಯ ಮೇಲಿನ ಗಡಿಯಾರದಂಥ ಮುಳ್ಳುಗಳೂ ಗುಂಡಿಗಳೂ ಬರೇ ಚಿತ್ರ. ಆಮೇಲೆ ಅಚ್ಚಿನಲ್ಲೊತ್ತಿ ಆಕಾರ ಕೊಟ್ಟು, ಒಂದು ತುಂಡಿನ ಸಣ್ಣ ನಾಲಗೆಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಮಡಚುವುದು. ಮೊದಮೊದಲು ಕೀಲಿ ಕೊಟ್ಟರೆ ನಡೆಯುವವು, ಮುಂದೆ ಬ್ಯಾಟರಿಯವು. 1956ರಲ್ಲಿ 'ಫರ್ಬಿಡನ್ ಪ್ಲಾನೆಟ್' ಎಂಬ ಅಮೇರಿಕದ ಚಲಚ್ಚಿತ್ರದಲ್ಲಿ ರಾಬಿ ಎಂಬ ಯಂತ್ರಮಾನವ ಬಂದನಷ್ಟೆ. ಅವನ ಹೋಲಿಕೆಯ ಗೊಂಬೆಗಳನ್ನು ಜಪಾನದ ನೊಮುರಾ ಮುಂತಾದವರು ಬಲುಬೇಗ ಪೇಟೆಗೆ ತಂದರು.

ಈಗ ಕಾಗದದ ಮಾತಿಗೆ ಬರೋಣ. ಗೊಂಬೆ ತನ್ನ ಹೆಸರನ್ನು ತಾನೇ ಹೇಳುವುದಿಲ್ಲ. ಅದರ ಮೈಮೇಲೆ ಬಹಳವಾದರೆ ಎರಡಕ್ಷರ: ಟಿ.ಎನ್. ಎಂದರೆ ನೊಮುರಾ, ಟಿ.ಎಂ. ಎಂದರೆ ಮಸುದಾಯಾ, ಎಸ್.ಎಚ್. ಎಂದರೆ ಹೊರಿಕಾವಾ. ಒಂದೇ ಮೈಗೆ ಬೇರೆ ಬಣ್ಣ, ಬೇರೆ ತಲೆ ಇಟ್ಟು ಹೊಸ ಹೆಸರಿನಿಂದ ಮಾರುವುದು ಈ ವ್ಯಾಪಾರದ ಜಾಣತನ. ಇತ್ತೀಚಿನ ದಶಕಗಳಲ್ಲಿ ಚೀನಾದಲ್ಲಿ ಹಳೆಯ ಮಾದರಿಯವೇ ಹೊಸದಾಗಿ ತಯಾರಾಗಿವೆ. ಕಣ್ಣಿಗೆ ಎರಡೂ ಒಂದೇ. ಇಂಥಲ್ಲಿ ಆ ವರ್ಷದ ಪಟ್ಟಿಯೊಂದು ಸಿಕ್ಕರೆ ಹೆಸರು, ಅಳತೆ, ಬಣ್ಣ ಎಲ್ಲ ಖಾತ್ರಿಯಾಗುತ್ತವೆ. ಪಟ್ಟಿಯೇ ಸಾಕ್ಷಿ. ಕಿತಾಹಾರಾ ತೆರುಹಿಸಾ ಎಂಬ ಸಂಗ್ರಾಹಕರು 1986ರಲ್ಲಿ ಯೊಕೊಹಾಮಾದಲ್ಲಿ ತಗಡಿನ ಆಟಿಗೆಗಳಿಗೆಂದೇ ಒಂದು ಸಂಗ್ರಹಾಲಯ ತೆರೆದರು. ನಾಳೆ ಮೋರಿಗೆ ಹೋಗಬೇಕಾದ ತಗಡು ಹೀಗೆ ಒಂದು ದೇಶದ ಚರಿತ್ರೆಯ ಭಾಗವಾಯಿತು.

ನಮ್ಮ ಕಡೆ ಜಪಾನದ ಯಂತ್ರಮಾನವ ಸಿಗುವುದು ಅಪರೂಪ. ನಮ್ಮವು ಬೇರೆ. ಚನ್ನಪಟ್ಟಣದ ಅರಗಿನ ಗೊಂಬೆಗಳ ಕೆಲಸಕ್ಕೆ ಹೊಸ ಹಾದಿ ತೋರಿಸಿದ ಬಾವಾಸ್ ಮಿಯಾ ಅವರು ಜಪಾನದ ಅರಗಿನ ಕೆಲಸದಿಂದ ಕಲಿತರೆಂದು ಹೇಳುತ್ತಾರೆ. ಅಲ್ಲಿಗೆ ಜಪಾನದ ನೆಂಟಸ್ತಿಕೆಯೂ ಉಂಟು. ಇನ್ನೂ ಹತ್ತಿರದವು ಗೋಕಾಕದವು. ಮುಧೋಳದ ಪಕ್ಕಕ್ಕೆ ಹರಿಯುವ ಘಟಪ್ರಭೆಯ ಮೇಲುಗಡೆಯ ಊರು ಅದು. ಅಲ್ಲಿಯ ಜೀನಗಾರ ಮನೆತನಗಳವರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಕೊಟ್ಟ ಮಾವು, ಬಾಳೆ, ಬದನೆ, ಮೆಣಸಿನಕಾಯಿಗಳನ್ನು ನೋಡಿದ ಅತಿಥಿ ಕೈಹಾಕಿ ಮೋಸ ಹೋಗುತ್ತಿದ್ದ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರದು ಇನ್ನೊಂದು ಬಗೆ.

ಇವೆಲ್ಲಕ್ಕಿಂತ ಮನೆಯವು ಮಣ್ಣಿನವು. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಎತ್ತಿನ ಜೋಡಿಯ ಜತೆಗೆ ಮಣ್ಣಿನ ಗ್ವಾದಲಿಯೂ ಬೇಕು. ಮರುದಿನ ಹುಡುಗರು ಒಂದು ಕುಂಟೆತ್ತನ್ನು ಹಿಡಿದು ಮನೆಮನೆಗೆ ಜೋಳ ಬೇಡುತ್ತ ಬರುತ್ತಾರೆ. ಇವು ಕೂಡಿಸಿಡುವಂಥವಲ್ಲ, ಪೂಜೆ ಮುಗಿದ ಮೇಲೆ ನೀರಿಗೋ ಮಣ್ಣಿಗೋ ಸೇರಬೇಕಾದವು. ಇದ್ದಷ್ಟು ದಿನ ಇದ್ದು ಹೋಗುವುದೇ ಅವುಗಳ ಚೆಲುವು. ಅವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ನಾನು ಹೇಳುವವನಲ್ಲ.

ಆದರೆ ಅವುಗಳ ಹೆಸರು? ಇಳಕಲ್ಲ ಸೀರೆಯ ದಡಿಗೆ ಗೋಮಿ, ಗಾಡಿ, ಚಿಕ್ಕಿಪರಾಸ ಎಂದು ಹೆಸರುಗಳಿವೆ. ನೇಕಾರರ ಮನೆಯಲ್ಲಿ ಚಿಕ್ಕವರಿಗೂ ಅವು ಗೊತ್ತು. ಹೆಸರಿದ್ದುದರಿಂದಲೇ ದಡಿ ಉಳಿಯಿತು. ಆಟಿಗೆಗಳಿಗೆ ಆ ಭಾಗ್ಯವಿಲ್ಲ. ಆಲಮಟ್ಟಿಯ ಹಿನ್ನೀರು ಏರಿದಾಗ ಬೀಳಗಿ ತಾಲೂಕಿನ ಹಲವು ಹಳ್ಳಿಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. 2019ರ ಮಹಾಪೂರದಲ್ಲಿ ಕೃಷ್ಣೆ, ಘಟಪ್ರಭೆಗಳ ದಂಡೆಯ ಮನೆಗಳಿಗೆ ನೀರು ಹೊಕ್ಕಿತು. ಅಟ್ಟದ ಮೇಲಿನ ಗಂಟು ಬಿಚ್ಚಿ ನೋಡುವ ಹೊತ್ತು ಯಾರಿಗಿದ್ದೀತು? ದವಸ, ದನ, ಕಾಗದಪತ್ರಗಳು ಮೊದಲು, ಅದು ಸರಿಯೆ. ಹೀಗೆ ಹೋದ ಗೊಂಬೆ ಯಾರು ಮಾಡಿದ್ದು, ಯಾವ ಜಾತ್ರೆಯಲ್ಲಿ ಕೊಂಡದ್ದು ಎಂಬುದೂ ಅದರೊಡನೆ ಹೋಯಿತು. ಜಪಾನದ ಗೊಂಬೆ ಕಳೆದರೂ ಪಟ್ಟಿಯಲ್ಲಿ ಅದರ ಚಿತ್ರ ಉಳಿದಿದೆ. ನಮ್ಮದು ಕಳೆದರೆ ಏನೂ ಉಳಿಯದು.

ಪಟ್ಟಿ ಮಾಡಲು ವಿದ್ವಾಂಸರೇ ಆಗಬೇಕಿಲ್ಲ. ಒಂದು ನೋಟಬುಕ್ಕು ಸಾಕು. ಆಟಿಗೆಗೆ ಮನೆಯಲ್ಲಿ ಏನೆನ್ನುತ್ತಾರೆ, ಯಾವ ಮಣ್ಣು, ಯಾವ ಕಟ್ಟಿಗೆ, ಎಷ್ಟು ಗೇಣು, ಯಾರು ಮಾಡಿದರು, ಹಣಕ್ಕೋ ಜೋಳಕ್ಕೋ ಬಂದದ್ದು, ಯಾವ ವರ್ಷ. ಇಷ್ಟನ್ನು ಮನೆಯ ಹಿರಿಯ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡರಾಯಿತು. ಅಜ್ಜಿ ಹೇಳುವ ಮಾತನ್ನು ತಿದ್ದಬೇಡಿರಿ. ಗ್ವಾದಲಿ ಗ್ವಾದಲಿಯೇ ಆಗಿರಲಿ.

ಅಟ್ಟದ ಮೇಲೆ ತಗಡಿನ ಗೊಂಬೆಯೋ ಮೋಟಾರೋ ಸಿಕ್ಕಿದರೆ ಮೊದಲು ಒಳಗಿನ ಹಳೆಯ ಬ್ಯಾಟರಿ ತೆಗೆಯಿರಿ. ಅದು ಸೋರಿದರೆ ತಗಡನ್ನು ತಿಂದುಹಾಕುತ್ತದೆ. ನೀರಿನಿಂದ ತೊಳೆಯಬೇಡಿರಿ, ಹೊಸ ಬಣ್ಣ ಬಳಿಯಬೇಡಿರಿ. ಒಣ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ತುಕ್ಕು ಹಿಡಿದ ಕೀಲಿಯನ್ನು ಬಲವಂತವಾಗಿ ತಿರುವಿದರೆ ಒಳಗಿನ ಸ್ಪ್ರಿಂಗು ಮುರಿದೀತು. ರಟ್ಟಿನ ಡಬ್ಬಿ ಹರಿದಿದ್ದರೂ ಬಿಸಾಡಬೇಡಿರಿ. ಮಣ್ಣಿನದಕ್ಕೆ ಈ ಉಪಚಾರವೊಂದೂ ಬೇಡ. ಬರುವ ಅಮಾವಾಸ್ಯೆಯ ಮರುದಿನ ಕುಂಟೆತ್ತು ಬಾಗಿಲಿಗೆ ಬಂದಾಗ ಹುಡುಗರ ಜೋಳಿಗೆಗೆ ಜೋಳ ನೀಡಿ, ಅದನ್ನು ಯಾರು ಮಾಡಿಕೊಟ್ಟರೆಂದು ಕೇಳಿ, ಅದರ ಒಂದು ಚಿತ್ರ ತೆಗೆದುಕೊಳ್ಳಿರಿ.