ಕೊಬ್ಬಿನ ಬಾಗು



ಹಾಸ್ಯಗಾರರ ಮನೆತನದ ಯಕ್ಷಗಾನದಿಂದ ಹೆಸರಾದ ಕರ್ಕಿಯಲ್ಲಿ ಬಣ್ಣ ಹಚ್ಚುವ ಚೌಕಿಯ ಸಂಗತಿಯನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನೆಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿದ ಬಣ್ಣ ಬೆವರಿಗೆ ಸುಲಭಕ್ಕೆ ಇಳಿಯುವುದಿಲ್ಲ. ಆಟ ಮುಗಿದ ಮೇಲೆ ತೆಗೆಯುವುದಕ್ಕೂ ಎಣ್ಣೆಯೇ ಬೇಕು. ನೀರಿಗೆ ಒಗ್ಗದ, ಎಣ್ಣೆಗೆ ಒಗ್ಗುವ ಇಂಥ ಜೈವಿಕ ವಸ್ತುಗಳ ಬಳಗವೇ ಲಿಪಿಡ್.

ಮುರುಗಲ ಬೀಜವನ್ನು ಒಣಗಿಸಿ, ಸಿಪ್ಪೆ ತೆಗೆದು, ಅರೆದು ನೀರಿನಲ್ಲಿ ಕುದಿಸಿದರೆ ತುಪ್ಪ ಮೇಲೆ ತೇಲುತ್ತದೆ. ಆರಿತೆಂದರೆ ಗಟ್ಟಿ ಉಂಡೆ. ಮತ್ತೆ ಕರಗಲು ಸುಮಾರು 40 ಡಿಗ್ರಿ ಬಿಸಿ ಬೇಕು. ತೆಂಗಿನೆಣ್ಣೆಗೆ 24-25 ಡಿಗ್ರಿ ಸಾಕು, ಹಾಗಾಗಿ ಧನುರ್ಮಾಸದ ಬೆಳಗಿನಲ್ಲಿ ಅದೂ ಹೆಪ್ಪುಗಟ್ಟುತ್ತದೆ. ತಾರ್ಲೆ ಮೀನಿನ ಎಣ್ಣೆ ಅಂಥ ಚಳಿಯಲ್ಲೂ ಹರಿಯುತ್ತಲೇ ಇರುತ್ತದೆ. ಮೂರರಲ್ಲೂ ಇರುವುದು ಮುಖ್ಯವಾಗಿ ಒಂದೇ ಬಗೆಯ ಅಣು: ಒಂದು ಗ್ಲಿಸರಾಲ್, ಅದಕ್ಕೆ ಅಂಟಿದ ಮೂರು ಕೊಬ್ಬಿನಾಮ್ಲದ ಸರಪಳಿ. ಹಾಗಾದರೆ ಒಂದು ಗಟ್ಟಿ, ಒಂದು ತೆಳು ಏಕೆ?

ಸರಪಳಿಯ ಆಕಾರ ನೋಡಬೇಕು. ಮುರುಗಲ ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ. 18 ಇಂಗಾಲಗಳ ನೆಟ್ಟನೆಯ ಸರಪಳಿ. ನೆಟ್ಟಗಿರುವವು ಒಟ್ಟಿದ ಕಟ್ಟಿಗೆಯಂತೆ ಒತ್ತೊತ್ತಾಗಿ ಕೂರುತ್ತವೆ. ತೆಂಗಿನೆಣ್ಣೆಯ ಲಾರಿಕ್ ಆಮ್ಲವೂ ನೆಟ್ಟಗೇ ಇದೆ, ಆದರೆ ಅದಕ್ಕೆ 12 ಇಂಗಾಲ ಮಾತ್ರ. ಗಿಡ್ಡವಾದ್ದರಿಂದ ಹಿಡಿತ ಕಡಿಮೆ. ಮೀನೆಣ್ಣೆಯ ಡಿಎಚ್‌ಎ ಎಂಬ ಆಮ್ಲದಲ್ಲಿ 22 ಇಂಗಾಲಗಳಿದ್ದೂ ಆರು ಕಡೆ ಜೋಡಿಬಂಧ, ಆರು ಕಡೆಯೂ ಬಾಗು. ಒತ್ತಾಗಿ ಕೂರಲು ಆಸ್ಪದವೇ ಇಲ್ಲ.

ಕೊಬ್ಬೆಂದರೆ ಮೈಯಲ್ಲಿ ಕೂಡಿಟ್ಟ ಶಕ್ತಿಯಷ್ಟೇ ಎಂದು ತಿಳಿದವರು ಬಹಳ. ಗ್ರಾಮಿಗೆ 9 ಕಿಲೊಕ್ಯಾಲೊರಿ, ಅದು ನಿಜ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಜೀವಕೋಶದ ಪೊರೆ. ಅಲ್ಲಿನ ಫಾಸ್ಫೋಲಿಪಿಡ್ ಎಂಬ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ನೀರಿಗೆ ಒಗ್ಗದ ಕೊಬ್ಬಿನಾಮ್ಲದ ಎರಡು ಬಾಲ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡನ್ನು ನೀರಿನ ಮೇಲೆ ಹರಡಿ ಅಳೆದರು. ಕಣಗಳ ಮೈಯ ಎರಡರಷ್ಟು ಜಾಗವನ್ನು ಅದು ಹಿಡಿದಿತ್ತು. ಪೊರೆಗೆ ಎರಡು ಪದರವಿದೆ, ತಲೆಗಳು ಹೊರಕ್ಕೆ, ಬಾಲಗಳು ಒಳಕ್ಕೆ ಎಂಬ ತೀರ್ಮಾನ ಅಲ್ಲಿಂದ ಬಂತು.

ಆ ಬಾಲಗಳಲ್ಲಿ ಸಾಮಾನ್ಯವಾಗಿ ಒಂದು ನೆಟ್ಟಗೆ, ಇನ್ನೊಂದು ಬಾಗಿದ್ದು. ಎಲ್ಲವೂ ನೆಟ್ಟಗಿದ್ದರೆ ಪೊರೆ ಬಿರುಸಾಗಿ, ಅದರೊಳಗಿನ ಪ್ರೋಟೀನುಗಳು ಕದಲಲಾರವು. ಅಕ್ಷಿಪಟಲದಲ್ಲಿ ಬೆಳಕು ಬಿದ್ದೊಡನೆ ರೊಡಾಪ್ಸಿನ್ ಪ್ರೋಟೀನು ತನ್ನ ಆಕಾರ ಬದಲಿಸಬೇಕು. ಅಲ್ಲಿನ ಪೊರೆಯಲ್ಲಿ ಡಿಎಚ್‌ಎ ಹೇರಳ. ನಮ್ಮ ದೇಹ ಅದನ್ನು ತಾನಾಗಿ ಮಾಡಿಕೊಳ್ಳುವುದು ಅತ್ಯಲ್ಪ. ತಾರ್ಲೆಗೂ ಅದು ಬರುವುದು ಕಡಲಿನ ಸೂಕ್ಷ್ಮ ಪಾಚಿಗಳಿಂದಲೇ. ಮೀನು ತಿನ್ನದವರಿಗೆ ಅಗಸೆಬೀಜದಿಂದ ಅದರ ಮೂಲವಸ್ತು ಸಿಗುತ್ತದೆ.