ಸಣ್ಣ ಉದ್ಯಮಕ್ಕೆ ಹಾಕಿದ ಬೇಲಿ
(ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

 

ಅಗರಬತ್ತಿ, ಬೇಕರಿ, ಮರದ ಪೀಠೋಪಕರಣ, ರೋಲಿಂಗ್ ಶಟರ್: ಇಲ್ಲಿ ಕುಳಿತಿರುವ ಎಷ್ಟೋ ಮನೆಗಳು ಇಂಥ ಸಣ್ಣ ಉದ್ಯಮಗಳಿಂದಲೇ ನಡೆಯುತ್ತವೆ. "ದೊಡ್ಡ ಕಂಪನಿಗಳನ್ನು ಸರ್ಕಾರ ತಡೆಯಬಾರದೇ?" ಎಂದು ಅನೇಕರು ನನ್ನನ್ನು ಕೇಳುತ್ತಾರೆ. ನಮ್ಮ ದೇಶ ಹಾಗೆ ತಡೆದು ನೋಡಿದೆ, ಅದೂ ಹೆಚ್ಚುಕಡಿಮೆ ಅರ್ಧ ಶತಮಾನ.

ಮೀಸಲಾತಿ ಎಂದರೆ ನಮಗೆ ಸೀಟು, ನೌಕರಿ ನೆನಪಾಗುತ್ತದೆ. ಇದು ವಸ್ತುಗಳ ಮೀಸಲಾತಿ. 1967ರಲ್ಲಿ 47 ವಸ್ತುಗಳನ್ನು ಸಣ್ಣ ಘಟಕಗಳು ಮಾತ್ರ ತಯಾರಿಸಬೇಕೆಂದು ಗೊತ್ತುಮಾಡಿದರು. 1977ರಲ್ಲಿ ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ ಪಟ್ಟಿ 180ರಿಂದ 500 ದಾಟಿತು. ಮುಂದೆ 800ನ್ನೂ ಮೀರಿತು.

ಉದ್ದೇಶ ಒಳ್ಳೆಯದೇ. ತೊಡಕು ಇದ್ದದ್ದು "ಸಣ್ಣ" ಎಂಬುದಕ್ಕೆ ಹಾಕಿದ ಅಳತೆಯಲ್ಲಿ. ಯಂತ್ರಗಳ ಮೇಲಿನ ಹೂಡಿಕೆಗೆ ಮಿತಿ ಇತ್ತು. 1997ರಲ್ಲಿ ಅದನ್ನು 3 ಕೋಟಿ ರೂಪಾಯಿಗೆ ಏರಿಸಿ, 1999ರಲ್ಲಿ ಮತ್ತೆ 1 ಕೋಟಿಗೆ ಇಳಿಸಿದರು. ಚೆನ್ನಾಗಿ ದುಡಿದವನು ಇನ್ನೊಂದು ಯಂತ್ರ ತಂದು ಮಿತಿ ದಾಟಿದರೆ, ಉತ್ಪನ್ನದ ಬಹುಪಾಲನ್ನು ರಫ್ತು ಮಾಡುವ ಷರತ್ತಿಗೆ ಒಳಪಡಬೇಕಿತ್ತು. ಹೀಗಾಗಿ ಬೆಳೆಯುವುದೇ ಅಪಾಯವಾಯಿತು. ಬ್ಯಾಂಕು, ಮಾರುಕಟ್ಟೆ ಎರಡೂ ಕೈಗೆಟುಕಿದವರು ಕೂಡ ಮಿತಿಯ ಒಳಗೇ ಉಳಿದರು.

ಅಗರಬತ್ತಿಯನ್ನೇ ನೋಡಿ. ಅದೂ ಪಟ್ಟಿಯಲ್ಲಿತ್ತು. ಆದರೆ ಮೀಸಲಾತಿ ಇದ್ದದ್ದು ತಯಾರಿಕೆಗೆ, ಮಾರಾಟಕ್ಕಲ್ಲ. ಸಣ್ಣ ಘಟಕಗಳಿಂದ ಮಾಡಿಸಿ ತನ್ನ ಹೆಸರಿನ ಪೊಟ್ಟಣದಲ್ಲಿ ಮಾರಲು ದೊಡ್ಡ ಕಂಪನಿಗೆ ಯಾವ ಅಡ್ಡಿಯೂ ಇರಲಿಲ್ಲ. ಮನೆಯಲ್ಲಿ ಕುಳಿತು ಬತ್ತಿ ಹೊಸೆದ ಹೆಣ್ಣುಮಗಳ ಕೂಲಿಯ ಬಗ್ಗೆ ಆ ಪಟ್ಟಿಯಲ್ಲಿ ಒಂದಕ್ಷರವೂ ಇರಲಿಲ್ಲ. ನನಗೆ ಅದರಲ್ಲಿ ಕಾಣುವ ದೊಡ್ಡ ಕೊರತೆ ಇದೇ. ರಕ್ಷಣೆ ಸಿಕ್ಕಿದ್ದು ಘಟಕಕ್ಕೆ, ಅದರಲ್ಲಿ ದುಡಿಯುವವರಿಗಲ್ಲ.

2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿನ ಪರಿಮಾಣ ನಿರ್ಬಂಧಗಳು ಹೋದ ಮೇಲಂತೂ ಇದು ವಿಚಿತ್ರವಾಯಿತು. ಚೀನಾದ ಭಾರೀ ಕಾರ್ಖಾನೆಯ ಸರಕು ಇಲ್ಲಿಗೆ ಬರಬಹುದು, ಇಲ್ಲಿನವನು ಮಾತ್ರ ಅಷ್ಟು ದೊಡ್ಡವನಾಗಬಾರದು! ಅರ್ಥಶಾಸ್ತ್ರಜ್ಞ ಆಬಿದ್ ಹುಸೇನ್ ಅವರ ಸಮಿತಿ 1997ರಲ್ಲೇ ಮೀಸಲಾತಿ ಬೇಡ, ಸಾಲ, ತಂತ್ರಜ್ಞಾನದಂಥ ನೆರವು ಕೊಡಿ ಎಂದಿತ್ತು. ಕೊನೆಯ 20 ವಸ್ತುಗಳು ಪಟ್ಟಿಯಿಂದ ಹೊರಬಂದದ್ದು 2015ರಲ್ಲಿ. ಅಗರಬತ್ತಿ, ಉಪ್ಪಿನಕಾಯಿ, ಬ್ರೆಡ್, ಗಾಜಿನ ಬಳೆ ಅವುಗಳಲ್ಲಿದ್ದವು.

ತೆಗೆದ ಮೇಲೆ ಏನಾಯಿತು? 2017ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಮೀಸಲಾತಿ ಹೆಚ್ಚು ತೆರವಾದ ಜಿಲ್ಲೆಗಳಲ್ಲಿ ಉದ್ಯೋಗ ಹೆಚ್ಚು ಬೆಳೆಯಿತು. ಹೊಸದಾಗಿ ಬಂದವರೂ ಮಿತಿಯಿಂದ ಬಿಡುಗಡೆಯಾದವರೂ ಜನರನ್ನು ತೆಗೆದುಕೊಂಡರು. ಹಳೆಯ ಸಣ್ಣ ಘಟಕಗಳು ಮಾತ್ರ ಕುಗ್ಗಿದವು. ಆ ನೋವು ಸಣ್ಣದೇನಲ್ಲ. ಐವತ್ತು ವರ್ಷದ ಕುಶಲಕರ್ಮಿಗೆ ಹೊಸ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆಂದು ಯಾರು ಭರವಸೆ ಕೊಡುತ್ತಾರೆ? ಹಾಗಾಗಿ ಅವರ ಮಕ್ಕಳ ಓದಿಗೆ ಈ ಟ್ರಸ್ಟ್ ಹಣ ಕೊಡುವುದನ್ನು ನಾನು ಆರ್ಥಿಕ ನೀತಿಯ ಭಾಗವೆಂದೇ ನೋಡುತ್ತೇನೆ.

ಇವತ್ತು ಸಣ್ಣವರ ಕತ್ತು ಹಿಸುಕುವುದು ಬಾಕಿ ಹಣ. 2006ರ ಎಂಎಸ್‌ಎಂಇ ಕಾಯ್ದೆಯಂತೆ ನಿಮ್ಮಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದು ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವ ಅಂಗಡಿಯವರಿಗಲ್ಲ. ಇದಕ್ಕೆ ಉದ್ಯಮ್ ನೋಂದಣಿ ಬೇಕು. ಅದು ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಸರಕು ಕಳಿಸುವ ಮೊದಲೇ ಮಾಡಿಸಿ, ಬಿಲ್ಲಿನ ಮೇಲೆ ಆ ಸಂಖ್ಯೆ ಹಾಕಿ. ಕಾಮರ್ಸ್ ಓದುತ್ತಿರುವ ಮಕ್ಕಳು ಈ ವಾರವೇ ನಿಮ್ಮ ಅಬ್ಬನ ಬಿಲ್ ಪುಸ್ತಕ ತೆಗೆದು, ಯಾರು ಎಷ್ಟು ದಿನದಿಂದ ಬಾಕಿ ಇಟ್ಟಿದ್ದಾರೆ ಎಂದು ಬರೆದಿಡಿ.