‘ಇಫ್’ ಹಾಕಬೇಕಾ, ‘ವೆನ್’ ಹಾಕಬೇಕಾ? ಕೊಬ್ಬರಿ ವ್ಯಾಪಾರದ ಇಂಗ್ಲಿಷ್

ತಿಪಟೂರು ಬಸ್ಸಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರೋರಿಗೂ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟದಲ್ಲಿ ನಿಂತು ಕೇಳ್ತಿರೋರಿಗೂ ಸ್ವಾಗತ. ಇವತ್ತು ಇಂಗ್ಲಿಷಿನ ಐದು ಪುಟ್ಟ ಪದಗಳ ಬಗ್ಗೆ ಮಾತಾಡೋಣ: ಇಫ್, ವೆನ್, ಇನ್ ಕೇಸ್, ಅಂಟಿಲ್, ಅನ್‌ಲೆಸ್. ನೋಡೋಕೆ ಅಣ್ಣತಮ್ಮಂದಿರ ಥರ ಇರ್ತವೆ. ಆದ್ರೆ ಹೊರರಾಜ್ಯದ ವ್ಯಾಪಾರಿಗೆ ಕಳಿಸೋ ಮೆಸೇಜಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂತ್ರೆ ದುಡ್ಡಿನ ಮಾತೇ ಬದಲಾಗುತ್ತೆ.

ಮೊದಲು ಇಫ್ ಮತ್ತು ವೆನ್. ಕನ್ನಡದಲ್ಲಿ ಎರಡಕ್ಕೂ ‘-ರೆ’ ಸಾಕು. ‘ಬೆಳಗಾದರೆ ಹೊರಡ್ತೀನಿ’ ಅಂತೀವಿ, ಬೆಳಗಾಗೋದು ಗ್ಯಾರಂಟಿ. ‘ಮಳೆ ಬಂದರೆ ಬರಲ್ಲ’ ಅಂತೀವಿ, ಮಳೆ ಗ್ಯಾರಂಟಿ ಇಲ್ಲ. ಇಂಗ್ಲಿಷ್ ಮಾತ್ರ ಇವೆರಡನ್ನ ಬೇರೆ ಮಾಡುತ್ತೆ. ಆಗೇ ಆಗುತ್ತೆ ಅನ್ನೋದಕ್ಕೆ ವೆನ್, ಆಗಬಹುದು ಅಥವಾ ಆಗದೇ ಇರಬಹುದು ಅನ್ನೋದಕ್ಕೆ ಇಫ್.

ನಮ್ಮ ಉಂಡೆ ಕೊಬ್ಬರಿನೇ ತಗೊಳ್ಳಿ. ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತೆ. ‘ನೀರು ಆರಿದಾಗ ಸುಲಿತೀವಿ’ ಅನ್ನೋಕೆ ವೆನ್ ಸರಿ. ಇನ್ನು ಬೆಂಬಲ ಬೆಲೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಘೋಷಿಸಿತ್ತು. ಪೇಟೆ ಬೆಲೆ ಅದಕ್ಕಿಂತ ಕೆಳಗೆ ಬಿದ್ದರೆ ಅನ್ನೋ ಮಾತಿಗೆ ಇಫ್ ಬೇಕು. ಬೀಳಲೇಬೇಕು ಅಂತೇನಿಲ್ಲವಲ್ಲ!

ವ್ಯಾಪಾರಿಗೆ ‘ಐ ವಿಲ್ ಸೆಂಡ್ ದ ಲೋಡ್ ವೆನ್ ಯೂ ಪೇ’ ಅಂದ್ರೆ, ನೀವು ಕೊಡೋದಂತೂ ಖಚಿತ, ಯಾವಾಗ ಅನ್ನೋದಷ್ಟೇ ಬಾಕಿ ಅನ್ನೋ ಧ್ವನಿ. ‘ಇಫ್ ಯೂ ಪೇ’ ಅಂದ್ರೆ ಷರತ್ತು. ಪರಿಚಯದವರಿಗೆ ವೆನ್ ಮರ್ಯಾದೆ, ಹೊಸಬರಿಗೆ ಇಫ್ ಜಾಗ್ರತೆ.

ಇನ್ ಕೇಸ್‌ಗೆ ಬನ್ನಿ. ಕೊಬ್ಬರಿ ಬಿಸಿಲಿಗೆ ಹರಡಿದೆ, ಮೋಡ ಕಟ್ಟಿದೆ. ‘ಕವರ್ ಇಟ್ ಇಫ್ ಇಟ್ ರೇನ್ಸ್’ ಅಂದ್ರೆ ಮಳೆ ಬಂದ ಮೇಲೆ ಮುಚ್ಚು. ‘ಇನ್ ಕೇಸ್ ಇಟ್ ರೇನ್ಸ್’ ಅಂದ್ರೆ ಈಗಲೇ ಮುಚ್ಚು. ಇದಕ್ಕೆ ನಮ್ಮಜ್ಜಿಯರ ಬಾಯಲ್ಲಿ ಸೊಗಸಾದ ಮಾತಿದೆ: ‘ಮಳೆ ಬಂದೀತು, ಮುಚ್ಚೋ!’ ಆ ‘ಬಂದೀತು’ ಇದೆಯಲ್ಲ, ಅದೇ ಇನ್ ಕೇಸ್. ನೆನೆದ ಕೊಬ್ಬರಿಗೆ ಬೂಷ್ಟು ಹಿಡಿದ ಮೇಲೆ ವ್ಯಾಕರಣ ಕಲಿತು ಏನು ಪ್ರಯೋಜನ?

ಈಗ ಅಂಟಿಲ್, ಅನ್‌ಲೆಸ್. ನೀವು ಬೆಂಗಳೂರಲ್ಲಿದ್ದೀರಿ, ತಮ್ಮ ಮಂಡಿಯಲ್ಲಿದ್ದಾನೆ. ‘ಡೋಂಟ್ ಸೆಲ್ ಅಂಟಿಲ್ ಐ ಕಾಲ್’ ಅಂತ ಹಾಕಿದ್ರೆ, ಫೋನ್ ಬಂದೇ ಬರುತ್ತೆ ಅಂತ ಅವನು ಕಾಯ್ತಾನೆ. ‘ಅನ್‌ಲೆಸ್ ಐ ಕಾಲ್’ ಅಂದ್ರೆ ಫೋನ್ ಬರದೇನೂ ಇರಬಹುದು. ಬರಲಿಲ್ಲವಾ, ಚೀಲ ವಾಪಸ್ ಮನೆಗೆ.

ನಮ್ಮೋರು ಹೆಚ್ಚು ಎಡವೋದು ಇದೇ ಅನ್‌ಲೆಸ್‌ನಲ್ಲಿ. ‘ದುಡ್ಡು ಕೊಡದ ಹೊರತು ಲೋಡ್ ಕಳಿಸಲ್ಲ’ ಅಂತೀವಿ. ‘ಕೊಡದ’ ಅನ್ನೋದರಲ್ಲಿ ‘ಇಲ್ಲ’ ಇದೆ. ಅದನ್ನೇ ಹೊತ್ತುಕೊಂಡು ಹೋಗಿ ‘ಐ ವೋಂಟ್ ಸೆಂಡ್ ಅನ್‌ಲೆಸ್ ಯೂ ಡೋಂಟ್ ಪೇ’ ಅಂತ ಬರೀತೀವಿ. ಅರ್ಥ ಏನಾಯ್ತು ಗೊತ್ತಾ? ನೀವು ದುಡ್ಡು ಕೊಡದಿದ್ದರೆ ಮಾತ್ರ ಕಳಿಸ್ತೀನಿ! ಅನ್‌ಲೆಸ್ ಒಳಗೇ ‘ಇಲ್ಲ’ ಕೂತಿರುತ್ತೆ, ಇನ್ನೊಂದು ಡೋಂಟ್ ಬೇಡ. ‘ಅನ್‌ಲೆಸ್ ಯೂ ಪೇ’ ಅಂದ್ರೆ ಮುಗೀತು.

ಹಾಗಾಗಿ ಸೆಂಡ್ ಒತ್ತೋ ಮೊದಲು ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇದು ಆಗೇ ಆಗುತ್ತಾ, ಅಥವಾ ಆಗದೇನೂ ಇರಬಹುದಾ? ಆಗೋದೇ ಆದ್ರೆ ವೆನ್, ಅಂಟಿಲ್. ಅನುಮಾನ ಇದ್ರೆ ಇಫ್, ಅನ್‌ಲೆಸ್. ಮುಂಜಾಗ್ರತೆ ಆದ್ರೆ ಇನ್ ಕೇಸ್. ನಿಮ್ಮ ಫೋನಿನ ಹಳೇ ಮೆಸೇಜ್‌ಗಳನ್ನ ಒಮ್ಮೆ ತೆಗೆದು ನೋಡಿ. ಮುಂದಿನ ಕಂತಲ್ಲಿ ಸಿಗೋಣ, ನಮಸ್ಕಾರ.